ಅಲ್ಲಿ ಅದುಮುವ ಕಾರ್ಟಿಸಾಲ್ ಇಲ್ಲಿ ಎಬ್ಬಿಸುವುದೇಕೆ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕದ ಕಡೆಯವಳು, ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನಮ್ಮ ತಂದೆಗೆ ಎಪ್ಪತ್ತು ಸಮೀಪಿಸಿದೆ. ಎರಡು ಮಳೆಗಾಲ ಬೆನ್ನುಬೆನ್ನಿಗೆ ತೋಟಕ್ಕೆ ಕೊಳೆರೋಗ ಬಂದು ಅರ್ಧಕ್ಕರ್ಧ ಅಡಿಕೆ ಉದುರಿಹೋಯಿತು. ಆಗಿನಿಂದ ಅವರಿಗೆ ನಿದ್ದೆ ಸರಿಯಿಲ್ಲ, ಇಟ್ಟ ವಸ್ತು ನೆನಪಾಗುತ್ತಿರಲಿಲ್ಲ, ಸಣ್ಣ ಸದ್ದಿಗೂ ಬೆಚ್ಚುತ್ತಿದ್ದರು. ಮಳೆ ಬಿಟ್ಟು ನಾಲ್ಕು ತಿಂಗಳಾದ ಮೇಲೆ ಮರೆವು ಬಹುಮಟ್ಟಿಗೆ ಸರಿಹೋಗಿದೆ. ಆದರೆ ತೋಟದಲ್ಲಿ ಸೋಗೆ ಬಿದ್ದ ಸದ್ದಿಗೆ ಈಗಲೂ ಬೆಚ್ಚಿ ಎದ್ದು ಕೂರುತ್ತಾರೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲಿನ ಪರೀಕ್ಷೆಯನ್ನು ಬೆಳಗ್ಗೆ ಮಾಡಿಸಿದರೆ ‘ನಾರ್ಮಲ್’ ಎಂದು ಬಂತು. ಕಾರ್ಟಿಸಾಲ್ ತನ್ನ ಉತ್ಪಾದನೆಯನ್ನು ತಾನೇ ತಡೆದುಕೊಳ್ಳುತ್ತದೆ ಎಂದು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ಹಾಗಿದ್ದರೆ ಭಯವೂ ತಾನಾಗಿ ಇಳಿಯಬೇಕಲ್ಲ? ಒಂದೇ ಹಾರ್ಮೋನು ಮಿದುಳಿನ ಒಂದು ಕಡೆ ಜೀನ್‌ಗಳನ್ನು ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ನಡೆಸುತ್ತದೆಯೆ? ಒತ್ತಡದ ಹಾರ್ಮೋನು ತಗ್ಗಿಸಲು ಜ್ಯೇಷ್ಠಮಧುವಿನ ಕಷಾಯ ಒಳ್ಳೆಯದೆಂದು ನೆಂಟರೊಬ್ಬರು ಹೇಳುತ್ತಾರೆ. ತಂದೆಗೆ ರಕ್ತದೊತ್ತಡವಿದೆ, ಕೊಡಬಹುದೆ?

ಉತ್ತರ: ನಿಮ್ಮ ಪಾಠದಲ್ಲಿ ತಪ್ಪೇನೂ ಇಲ್ಲ, ಆದರೆ ಅದು ಮಿದುಳಿನ ಒಂದು ಸಣ್ಣ ಜಾಗದ ಮಟ್ಟಿಗೆ ಮಾತ್ರ ನಿಜ. ಮಿದುಳಿನ ತಳದಲ್ಲಿ ಹಾರ್ಮೋನುಗಳನ್ನು ನಿಯಂತ್ರಿಸುವ ಹೈಪೊಥಲಾಮಸ್ಸಿನ ಒಂದು ಗುಂಪು ನರಕೋಶಗಳಲ್ಲಿ ಕಾರ್ಟಿಸಾಲ್ ಯಾವ ಜೀನನ್ನು ಅದುಮಿ ಹಿಡಿಯುತ್ತದೆಯೋ, ಅದೇ ಜೀನನ್ನು ಅಲ್ಲಿಂದ ಕೆಲವೇ ಸೆಂಟಿಮೀಟರ್ ಆಚೆಗಿರುವ, ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ಅದೇ ಕಾರ್ಟಿಸಾಲ್ ಎಬ್ಬಿಸುತ್ತದೆ. ನಿಮ್ಮ ತಂದೆಯವರ ರಕ್ತಪರೀಕ್ಷೆಯ ಫಲಿತಾಂಶಕ್ಕೂ ಅವರು ಬೆಚ್ಚುವುದಕ್ಕೂ ತಾಳೆಯಾಗದಿರುವುದು ಈ ಕಾರಣದಿಂದಲೇ ಇರಬಹುದು.

ನಮ್ಮ ಕಡೆಯ ಒಂದು ಶಬ್ದವನ್ನೇ ತೆಗೆದುಕೊಳ್ಳಿ. ಕುಂಬಳೆ ಪೇಟೆಯಲ್ಲಿ ನಿಂತು ಯಾರಾದರೂ ‘ಪನಿ’ ಎಂದರೆ ತುಳುವರಿಗೆ ಅದು ತುಂತುರು ಮಳೆ, ಮಲಯಾಳಿಗಳಿಗೆ ಜ್ವರ. ಒಬ್ಬರು ಕೊಡೆ ಬಿಡಿಸುತ್ತಾರೆ, ಇನ್ನೊಬ್ಬರು ಹಣೆ ಮುಟ್ಟಿ ನೋಡುತ್ತಾರೆ. ಆಡಿದ ಶಬ್ದ ಒಂದೇ. ಅದರ ಅರ್ಥ ಹುಟ್ಟುವುದು ಕೇಳುವವರ ಕಿವಿಯಲ್ಲಿ. ಕಾರ್ಟಿಸಾಲ್ ಕೂಡ ಇಂಥದೊಂದು ಶಬ್ದ. ಅದು ಮಿದುಳಿನ ಎಲ್ಲ ಭಾಗಗಳಿಗೂ ಒಂದೇ ರಕ್ತದಲ್ಲಿ ಹರಿದು ಬರುತ್ತದೆ. ಯಾವ ಜೀನ್ ತೆರೆಯಬೇಕು, ಯಾವುದು ಮುಚ್ಚಬೇಕು ಎಂಬ ಆಜ್ಞೆ ಅದರ ಅಣುವಿನಲ್ಲಿ ಬರೆದಿಲ್ಲ.

ಅದು ಹೊರಡುವ ದಾರಿ ನಿಮಗೆ ಗೊತ್ತೇ ಇದೆ, ಆದ್ದರಿಂದ ಬೇಗ ಮುಗಿಸುತ್ತೇನೆ. ಹೈಪೊಥಲಾಮಸ್ಸಿನ ಪ್ಯಾರಾವೆಂಟ್ರಿಕ್ಯುಲರ್ ಕೇಂದ್ರವು ಸಿಆರ್‌ಎಚ್ ಎಂಬ 41 ಅಮೈನೊ ಆಮ್ಲಗಳ ಸರಪಣಿಯನ್ನು ಬಿಡುತ್ತದೆ. ಅದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಸಿಟಿಎಚ್ ಎಂಬ ಹಾರ್ಮೋನನ್ನು ಹೊರಡಿಸುತ್ತದೆ. ಎಸಿಟಿಎಚ್ ರಕ್ತದಲ್ಲಿ ಸಾಗಿ ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಯ ಹೊರಪದರದಿಂದ ಕಾರ್ಟಿಸಾಲ್ ಹೊರಡಿಸುತ್ತದೆ. ಇಲಿಗಳಲ್ಲಿ ಕಾರ್ಟಿಸಾಲ್ ಬದಲು ಕಾರ್ಟಿಕೊಸ್ಟೆರಾನ್ ಇದೆ. ಅಡ್ರಿನಲ್ಲಿನ ಒಳತಿರುಳಿನಿಂದ ಬರುವ ಅಡ್ರಿನಲಿನ್ ರಕ್ತ-ಮಿದುಳು ತಡೆಯನ್ನು ಸುಲಭವಾಗಿ ದಾಟಲಾರದು. ಅದು ವೇಗಸ್ ನರದ ಮೂಲಕ ಸುದ್ದಿ ಮುಟ್ಟಿಸಿ, ಮಿದುಳಕಾಂಡದಿಂದ ನಾರ್‌ಅಡ್ರಿನಲಿನ್ ಬಿಡಿಸುತ್ತದೆ. ಆದರೆ ಕಾರ್ಟಿಸಾಲ್ ಕೊಬ್ಬಿನಲ್ಲಿ ಕರಗುವ ಸಣ್ಣ ಅಣು. ರಕ್ತದಲ್ಲಿ ಅದರ ಶೇಕಡಾ 90ಕ್ಕೂ ಹೆಚ್ಚು ಪಾಲು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಉಳಿದ ಸ್ವಲ್ಪವು ಜೀವಕೋಶದ ಪೊರೆಯನ್ನು ದಾಟಿ ನೇರವಾಗಿ ಒಳಗೆ ನುಗ್ಗುತ್ತದೆ.

ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಕೋಶರಸದಲ್ಲಿ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕವೆಂಬ, 777 ಅಮೈನೊ ಆಮ್ಲಗಳ ಪ್ರೋಟೀನೊಂದು ಕೆಲವು ಸಹಾಯಕ ಪ್ರೋಟೀನುಗಳ ಆಸರೆಯಲ್ಲಿ ಕಾದು ಕುಳಿತಿರುತ್ತದೆ. ಕಾರ್ಟಿಸಾಲ್ ಬಂದು ಅದರ ಗುಳಿಯಲ್ಲಿ ಕೂತೊಡನೆ ಗ್ರಾಹಕದ ಆಕಾರ ಬದಲಾಗುತ್ತದೆ, ಅದು ನ್ಯೂಕ್ಲಿಯಸ್ಸಿನೊಳಕ್ಕೆ ಸರಿಯುತ್ತದೆ, ಅಲ್ಲಿ ಎರಡೆರಡು ಗ್ರಾಹಕಗಳು ಜೋಡಿಯಾಗಿ ಡಿಎನ್‌ಎಯ ಒಂದು ನಿರ್ದಿಷ್ಟ ಅಕ್ಷರಜೋಡಣೆಯನ್ನು ಹಿಡಿಯುತ್ತವೆ. ಆ ಜೋಡಣೆ 15 ಅಕ್ಷರಗಳದ್ದು: ಎ ಜಿ ಎ ಎ ಸಿ ಎ, ನಡುವೆ ಯಾವುದಾದರೂ ಮೂರು ಅಕ್ಷರ, ಬಳಿಕ ಟಿ ಜಿ ಟಿ ಟಿ ಸಿ ಟಿ. ಮಕ್ಕಳಿಗೆ ಇದನ್ನು ಕರಿಹಲಗೆಯ ಮೇಲೆ ಬರೆದು, ಎದುರೆಳೆಯ ಅಕ್ಷರಗಳನ್ನೂ ಬರೆದು, ಆ ಎಳೆಯನ್ನು ಅದರ ದಿಕ್ಕಿನಲ್ಲಿ ಓದಲು ಹೇಳಿ. ಮತ್ತೆ ಎ ಜಿ ಎ ಎ ಸಿ ಎ ಎಂದೇ ಆರಂಭವಾಗುತ್ತದೆ. ಎರಡು ಕೈಗೆ ಎರಡು ಹಿಡಿಕೆ ಇದ್ದ ಹಾಗೆ, ಜೋಡಿ ಗ್ರಾಹಕಗಳಿಗೆ ಜೋಡಿ ಹಿಡಿತ. ನಿಜವಾದ ಜೀನ್‌ಗಳ ಬಳಿ ಈ ಅಕ್ಷರಗಳು ಒಂದೆರಡು ಕಡೆ ತಪ್ಪಿಯೂ ಇರುತ್ತವೆ. ತಪ್ಪಿದಷ್ಟೂ ಹಿಡಿತ ಸಾಮಾನ್ಯವಾಗಿ ಸಡಿಲ.

ಗ್ರಾಹಕವು ಹೀಗೆ ಕುಳಿತ ಮೇಲೆ ಇತರ ಪ್ರೋಟೀನುಗಳನ್ನು ಕರೆಸಿ ಆರ್‌ಎನ್‌ಎ ನಕಲಿನ ಕೆಲಸವನ್ನು ಹೆಚ್ಚಿಸಬಹುದು. ಇನ್ನು ಕೆಲವು ಕಡೆ ಅದು ಡಿಎನ್‌ಎಯನ್ನು ಮುಟ್ಟದೆಯೇ, ಅದಾಗಲೇ ಅಲ್ಲಿ ಕುಳಿತು ಜೀನನ್ನು ಓಡಿಸುತ್ತಿರುವ ಬೇರೊಂದು ಪ್ರೋಟೀನಿನ ಮೈಗೆ ಒರಗಿ ಅದರ ಕೆಲಸವನ್ನು ತಡೆಯುತ್ತದೆ. ಉರಿಯೂತದ ಜೀನ್‌ಗಳನ್ನು ಸ್ಟೆರಾಯ್ಡ್ ಮಾತ್ರೆ ಇಳಿಸುವುದರಲ್ಲಿ ಈ ಎರಡನೆಯ ಬಗೆಯ ಪಾಲು ದೊಡ್ಡದು. ಇವೆಲ್ಲ ಫಲ ಕೊಡಲು ಅರ್ಧ ಗಂಟೆಯಿಂದ ಹಲವು ಗಂಟೆಗಳ ಕಾಲ ಬೇಕು. ಬೆಳಗ್ಗೆ ನಡೆದ ಜಗಳದ ಕಾರ್ಟಿಸಾಲ್ ಮಧ್ಯಾಹ್ನದ ಹೊತ್ತಿಗೆ ರಕ್ತದಿಂದ ಇಳಿದಿದ್ದರೂ, ಅದು ತೆರೆಸಿದ ಜೀನ್‌ಗಳ ಪ್ರೋಟೀನು ಸಂಜೆಗೂ ಕೋಶದಲ್ಲಿ ಕೆಲಸ ಮಾಡುತ್ತಿರಬಹುದು.

ಇಲ್ಲಿಯವರೆಗೆ ಹೇಳಿದ್ದು ಪಿತ್ತಜನಕಾಂಗಕ್ಕೂ ಮಿದುಳಿಗೂ ಸಮಾನ. ಮಿದುಳಿನ ವಿಶೇಷ ಶುರುವಾಗುವುದು ಗ್ರಾಹಕ ಒಂದಲ್ಲ, ಎರಡು ಎಂಬಲ್ಲಿಂದ. 1968ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಈವನ್ ಮತ್ತು ಸಂಗಡಿಗರು ಅಡ್ರಿನಲ್ ತೆಗೆದ ಇಲಿಗಳಿಗೆ ವಿಕಿರಣದ ಗುರುತು ಹಾಕಿದ ಕಾರ್ಟಿಕೊಸ್ಟೆರಾನ್ ಚುಚ್ಚಿದಾಗ, ಅದು ಹೋಗಿ ನಿಂತದ್ದು ಎಲ್ಲರೂ ನಿರೀಕ್ಷಿಸಿದ ಹೈಪೊಥಲಾಮಸ್ಸಿನಲ್ಲಲ್ಲ, ನೆನಪಿನ ಜಾಗವಾದ ಹಿಪೊಕ್ಯಾಂಪಸ್ಸಿನಲ್ಲಿ. ಅದರ ಅರ್ಥ ಪೂರ್ತಿ ಬಿಚ್ಚಿಕೊಳ್ಳಲು 17 ವರ್ಷ ಬೇಕಾಯಿತು. 1985ರಲ್ಲಿ ನೆದರ್‌ಲೆಂಡ್ಸಿನ ಯೋಹಾನೆಸ್ ರಾಯಿಲ್ ಮತ್ತು ರಾನ್ ಡಿ ಕ್ಲೂಟ್ ಇಲಿಯ ಮಿದುಳಿನಲ್ಲಿ ಈ ಹಾರ್ಮೋನಿಗೆ ಎರಡು ಗ್ರಾಹಕಗಳಿವೆಯೆಂದು ತೋರಿಸಿದರು. ಒಂದು ಮಿನರಲೊಕಾರ್ಟಿಕಾಯ್ಡ್ ಗ್ರಾಹಕ. ಅದರ ಹಿಡಿತ ಸುಮಾರು ಹತ್ತು ಪಟ್ಟು ಗಟ್ಟಿ, ಮತ್ತು ಅದು ಮುಖ್ಯವಾಗಿ ಹಿಪೊಕ್ಯಾಂಪಸ್ ಹಾಗೂ ಅದರ ಸುತ್ತಮುತ್ತಲಲ್ಲಿ ತುಂಬಿದೆ. ಇನ್ನೊಂದು ಆಗಲೇ ಹೇಳಿದ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕ. ಹಿಡಿತ ಸಡಿಲ, ಆದರೆ ಮಿದುಳಿನ ಬಹುತೇಕ ಎಲ್ಲ ಕಡೆ ಇದೆ.

ಹಿಡಿತದ ಈ ವ್ಯತ್ಯಾಸದಿಂದ ಏನಾಗುತ್ತದೆಂದರೆ, ನಡುರಾತ್ರಿ ಕಾರ್ಟಿಸಾಲ್ ತಳ ಮುಟ್ಟಿರುವಾಗಲೂ ಮೊದಲ ಗ್ರಾಹಕಗಳಲ್ಲಿ ಬಹುಪಾಲು ತುಂಬಿಕೊಂಡೇ ಇರುತ್ತವೆ. ಎರಡನೆಯವು ತುಂಬಬೇಕಾದರೆ ಬೆಳಗ್ಗೆ ಎದ್ದ ಅರ್ಧ-ಮುಕ್ಕಾಲು ಗಂಟೆಯಲ್ಲಿ ಬರುವ ಸಹಜ ಏರಿಕೆ ಬೇಕು, ಇಲ್ಲವೆ ಒತ್ತಡ ಬೇಕು. ಅಂದರೆ ಸಂಜೆ ಆರಕ್ಕೆ ಕಾರ್ಟಿಸಾಲ್ ಸ್ವಲ್ಪ ಏರಿದರೆ ಹಿಪೊಕ್ಯಾಂಪಸ್ಸಿಗೆ ಮೊದಲ ಗ್ರಾಹಕದ ಮಟ್ಟಿಗೆ ಅದು ಹಳೆಯ ಸುದ್ದಿ, ಎರಡನೆಯದರ ಮಟ್ಟಿಗೆ ಹೊಸ ಸುದ್ದಿ. ಎರಡನೆಯದು ಮಾತ್ರ ಇರುವ ಜಾಗಕ್ಕೆ ಎಲ್ಲವೂ ಹೊಸ ಸುದ್ದಿ. ಒಂದೇ ಪ್ರಮಾಣ ಎರಡು ಕಡೆ ಎರಡು ತೂಕ ತೂಗುವುದು ಹೀಗೆ. ಕಾರ್ಟಿಸಾಲ್ ದಿನವಿಡೀ ಒಂದೇ ಸಮ ಹರಿಯುವುದೂ ಇಲ್ಲ, ಸುಮಾರು ಗಂಟೆಗೊಂದರಂತೆ ಅಲೆಯಲೆಯಾಗಿ ಬರುತ್ತದೆ. ಕೋಶದ ಗಡಿಯಾರಕ್ಕೆ ಸೇರಿದ ಪರ್‌1ರಂಥ ಜೀನ್‌ಗಳು ಈ ಅಲೆಗಳಿಗೆ ಸರಿಯಾಗಿ ಏಳುತ್ತ ಬೀಳುತ್ತ ಇರುತ್ತವೆ.

ಈಗ ನಿಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬರುತ್ತೇನೆ. ಸಿಆರ್‌ಎಚ್ ತಯಾರಿಸುವ ಜೀನ್ ಮನುಷ್ಯರಲ್ಲಿ ಎಂಟನೆಯ ವರ್ಣತಂತುವಿನ ಮೇಲಿದೆ. ನರಕೋಶ ಯಾವುದೇ ಇರಲಿ, ಜೀನಿನ ಅಕ್ಷರಗಳಲ್ಲಿ ಒಂದೂ ವ್ಯತ್ಯಾಸವಿಲ್ಲ. ಇಲಿಯ ಅಡ್ರಿನಲ್ ತೆಗೆದರೆ ಪ್ಯಾರಾವೆಂಟ್ರಿಕ್ಯುಲರ್ ಕೇಂದ್ರದಲ್ಲಿ ಈ ಜೀನಿನ ಆರ್‌ಎನ್‌ಎ ಏರುತ್ತದೆ, ಕಾರ್ಟಿಕೊಸ್ಟೆರಾನ್ ಕೊಟ್ಟರೆ ಇಳಿಯುತ್ತದೆ. ಇದು ನೀವು ಪಾಠ ಮಾಡುವ ಹಿಮ್ಮುಖ ನಿಯಂತ್ರಣ. ಆದರೆ ಅದೇ ಇಲಿಯ ಅಮಿಗ್ಡಲಾದ ನಡುಕೇಂದ್ರದಲ್ಲಿ ಕಾರ್ಟಿಕೊಸ್ಟೆರಾನ್ ಈ ಜೀನಿನ ಆರ್‌ಎನ್‌ಎಯನ್ನು ಹೆಚ್ಚಿಸುತ್ತದೆ. 1994ರ ಹೊತ್ತಿಗೆ ಇದು ಸ್ಪಷ್ಟವಾಗಿ ದಾಖಲಾಗಿತ್ತು. ಬಸುರಿಯ ಮಾಸಿನಲ್ಲಿಯೂ ಹಾಗೆಯೇ, ಕಾರ್ಟಿಸಾಲ್ ಸಿಆರ್‌ಎಚ್ಚನ್ನು ಇಳಿಸದೆ ಏರಿಸುತ್ತದೆ.

ಹೈಪೊಥಲಾಮಸ್ಸಿನ ಸಿಆರ್‌ಎಚ್ ಪಿಟ್ಯುಟರಿಗೆ ಹೋಗುವ ಹಾರ್ಮೋನು. ಅಮಿಗ್ಡಲಾದ ಸಿಆರ್‌ಎಚ್ ಪಿಟ್ಯುಟರಿಯ ಕಡೆಗೆ ಹೋಗುವುದೇ ಇಲ್ಲ. ಅದು ನರಕೋಶದಿಂದ ನರಕೋಶಕ್ಕೆ ದಾಟುವ ಸಂದೇಶ, ಎಚ್ಚರ ಮತ್ತು ಭಯದ ನಡವಳಿಕೆಗೆ ಸಂಬಂಧಿಸಿದ್ದು. ಆದ್ದರಿಂದ ಒತ್ತಡ ದಿನಗಟ್ಟಲೆ ಮುಂದುವರಿದಾಗ ಕಾರ್ಟಿಸಾಲ್ ತನ್ನ ಉತ್ಪಾದನೆಗೆ ಕಡಿವಾಣ ಹಾಕಿಕೊಳ್ಳುತ್ತಲೇ ಇನ್ನೊಂದೆಡೆ ಭಯದ ಕೇಂದ್ರಕ್ಕೆ ಗೊಬ್ಬರ ಹಾಕಬಹುದು. ರಕ್ತದ ಅಂಕಿ ‘ನಾರ್ಮಲ್’ ಆಗಿರುವುದಕ್ಕೂ ಬೆಚ್ಚುವುದು ಉಳಿಯುವುದಕ್ಕೂ ವಿರೋಧವಿಲ್ಲ. ‘ಹಾಗಿದ್ದರೆ ಭಯವೂ ಇಳಿಯಬೇಕಲ್ಲ’ ಎಂಬ ನಿಮ್ಮ ತರ್ಕ ಎಡವಿದ್ದು ಇಲ್ಲಿ: ಹಾರ್ಮೋನಿನ ನಿಯಂತ್ರಣವನ್ನೂ ಭಯದ ನಿಯಂತ್ರಣವನ್ನೂ ಒಂದೇ ಎಂದುಕೊಂಡದ್ದರಲ್ಲಿ. ವೈದ್ಯಕೀಯ ಓದಿದವರೂ ಎಡವುವ ಜಾಗವಿದು. ನಾನೂ ವಿದ್ಯಾರ್ಥಿಯಾಗಿದ್ದಾಗ ಬಹುಕಾಲ ಹಾಗೆಯೇ ಅಂದುಕೊಂಡಿದ್ದೆ.

ಅಕ್ಷರ ಒಂದೇ ಆಗಿರುವಾಗ ಓದು ಬೇರೆಯಾಗುವುದು ಹೇಗೆ? ಇದಕ್ಕೆ ಇಂದು ಒಂದಕ್ಕಿಂತ ಹೆಚ್ಚು ಕಾರಣಗಳು ಗೊತ್ತಿವೆ. ಮೊದಲನೆಯದು, ಡಿಎನ್‌ಎ ಕೋಶದೊಳಗೆ ಬಿಚ್ಚಿಟ್ಟ ಪುಸ್ತಕದಂತಿಲ್ಲ. ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡು, ಬಹುಭಾಗ ಬಿಗಿಯಾಗಿ ಮಡಿಚಿಕೊಂಡಿದೆ. ಆ ಹದಿನೈದು ಅಕ್ಷರಗಳ ಜೋಡಣೆ, ಸ್ವಲ್ಪ ತಪ್ಪಿದ ರೂಪಗಳನ್ನೂ ಸೇರಿಸಿದರೆ, ನಮ್ಮ ಜೀನೋಮಿನಲ್ಲಿ ಲೆಕ್ಕವಿಲ್ಲದಷ್ಟು ಕಡೆ ಇದೆ. ಆದರೆ ಗ್ರಾಹಕಕ್ಕೆ ಸಿಗುವುದು ಆ ಕೋಶದಲ್ಲಿ ಮಡಿಕೆ ಬಿಚ್ಚಿರುವ ಜಾಗಗಳು. ಅಮೆರಿಕದ ಗಾರ್ಡನ್ ಹೇಗರ್ ಅವರ ಪ್ರಯೋಗಾಲಯ 2011ರಲ್ಲಿ ತೋರಿಸಿದಂತೆ, ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕವು ಹೋಗಿ ಕೂರುವ ಜಾಗಗಳಲ್ಲಿ ಬಹುಪಾಲು ಹಾರ್ಮೋನು ಬರುವ ಮೊದಲೇ ತೆರೆದಿರುತ್ತವೆ. ಹಾರ್ಮೋನು ಬಾಗಿಲು ಒಡೆಯುವುದು ಅಪರೂಪ. ತೆರೆದ ಬಾಗಿಲಿನಲ್ಲಿ ಒಳಗೆ ಹೋಗುವುದೇ ರೂಢಿ. ಯಾವ ಬಾಗಿಲು ತೆರೆದಿರಬೇಕೆಂಬುದನ್ನು ಆ ಕೋಶ ಭ್ರೂಣದಲ್ಲಿ ಬೆಳೆದ ರೀತಿ, ಅದಕ್ಕೆ ಇದುವರೆಗೆ ಆದ ಅನುಭವ ಇವು ಮೊದಲೇ ನಿರ್ಧರಿಸಿರುತ್ತವೆ.

ಎರಡನೆಯದು, ಗ್ರಾಹಕ ಒಂಟಿಯಾಗಿ ಏನೂ ಮಾಡಲಾರದು; ಅದಕ್ಕೆ ಸಹಕಾರಿ ಪ್ರೋಟೀನುಗಳು ಬೇಕು. ಅವುಗಳಲ್ಲಿ ಎಸ್‌ಆರ್‌ಸಿ-1 ಎಂಬುದು ಚೆನ್ನಾಗಿ ಪರೀಕ್ಷೆಗೊಳಗಾದದ್ದು. ಇದಕ್ಕೆ ಎರಡು ರೂಪಗಳಿದ್ದು ಮಿದುಳಿನ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹಂಚಿಹೋಗಿವೆ. ಈ ಪ್ರೋಟೀನೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಹೈಪೊಥಲಾಮಸ್ಸಿನ ಸಿಆರ್‌ಎಚ್ ಇಳಿಕೆಯೂ ಅಮಿಗ್ಡಲಾದ ಏರಿಕೆಯೂ ಎರಡೂ ಕುಂಠಿತವಾದುದನ್ನು 2009ರಲ್ಲಿ ನೆದರ್‌ಲೆಂಡ್ಸಿನ ತಂಡ ಪ್ರಕಟಿಸಿತು. ಇದು ನನಗೆ ಬಹಳ ಸೊಗಸಾಗಿ ಕಾಣುವ ಪ್ರಯೋಗ, ಏಕೆಂದರೆ ಅದುಮಲೂ ಎಬ್ಬಿಸಲೂ ಬೇಕಾದ ಕೈ ಒಂದೇ ಎಂದು ಅದರಿಂದ ತಿಳಿಯಿತು. ಮೂರನೆಯದಾಗಿ ಅದೇ ಹೊತ್ತಿಗೆ ಕೋಶಕ್ಕೆ ಬರುತ್ತಿರುವ ಬೇರೆ ಸಂದೇಶಗಳು. ನಾರ್‌ಅಡ್ರಿನಲಿನ್ ಕೋಶದೊಳಗೆ ಸಿಆರ್‌ಇಬಿ ಎಂಬ ಪ್ರೋಟೀನನ್ನು ಎಬ್ಬಿಸಿ ಅದರ ಮೂಲಕ ಜೀನ್‌ಗಳನ್ನು ಓಡಿಸುತ್ತದೆ. ಕಾರ್ಟಿಸಾಲ್ ಬಂದಾಗ ಅದು ಓಡುತ್ತಿದೆಯೋ ನಿಂತಿದೆಯೋ ಎಂಬುದರ ಮೇಲೆ ಫಲ ಬದಲಾಗುತ್ತದೆ. ಅಮಿಗ್ಡಲಾದ ತಳಭಾಗದಲ್ಲಿ ಇವೆರಡೂ ಒಟ್ಟಿಗೆ ಬಂದಾಗ ನೆನಪು ಗಟ್ಟಿಯಾಗಿ ಅಚ್ಚೊತ್ತುತ್ತದೆ. ಅಡಿಕೆಗೆ ಕೊಳೆರೋಗದ ಮದ್ದು ಸಿಂಪಡಿಸಲು ಒಂದು ದಿನ ಬಿಸಿಲು ಸಿಗದೆ ಕಾಯುತ್ತ ಕುಳಿತ ಸಂಜೆಗಳು ಹತ್ತು ವರ್ಷದ ಬಳಿಕವೂ ತೋಟಗಾರನಿಗೆ ನಿನ್ನೆಯಂತೆ ನೆನಪಿರುವುದು ಇದರಿಂದ.

ಇನ್ನು ನಿಮ್ಮ ಗಮನಕ್ಕೆ ಬಂದ ಆ ಸೂಕ್ಷ್ಮ ಸಂಗತಿ: ಮರೆವು ಸರಿಹೋಯಿತು, ಬೆಚ್ಚುವುದು ನಿಲ್ಲಲಿಲ್ಲ. ಇದಕ್ಕೆ ಹತ್ತಿರದ ಕೆಲಸ ನಡೆದದ್ದು ದೂರದಲ್ಲೆಲ್ಲೂ ಅಲ್ಲ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ, ಸುಮಂತ್ರ ಚಟರ್ಜಿ ಅವರ ತಂಡದಿಂದ. ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಗಳನ್ನು ಅಲುಗಾಡದಂತೆ ಹಿಡಿದಿಟ್ಟು, ಬಳಿಕ ಅವುಗಳ ನರಕೋಶಗಳಿಗೆ ಬಣ್ಣ ಹಾಕಿ ಕೊಂಬೆಗಳನ್ನು ಅಳೆದರು. ಹಿಪೊಕ್ಯಾಂಪಸ್ಸಿನ ಸಿಎ3 ಭಾಗದ ಕೋಶಗಳ ಕೊಂಬೆಗಳು ಮೊಟಕಾಗಿದ್ದವು. ಒತ್ತಡ ಮಿದುಳನ್ನು ಕುಗ್ಗಿಸುತ್ತದೆಂಬ ಹಳೆಯ ತಿಳಿವಳಿಕೆಗೆ ಇದು ಸರಿಹೋಗುತ್ತದೆ. ಆದರೆ ಅದೇ ಇಲಿಗಳ ಅಮಿಗ್ಡಲಾದ ತಳಭಾಗದಲ್ಲಿ ಕೊಂಬೆಗಳು ಬೆಳೆದಿದ್ದವು. ಇದು 2002ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ ಅದೇ ತಂಡ, ಒತ್ತಡ ಮುಗಿದು 21 ದಿನ ಇಲಿಗಳನ್ನು ನೆಮ್ಮದಿಯಾಗಿ ಬಿಟ್ಟು ಮತ್ತೆ ನೋಡಿತು. ಹಿಪೊಕ್ಯಾಂಪಸ್ಸಿನ ಕೊಂಬೆಗಳು ಮೊದಲಿನ ಸ್ಥಿತಿಗೆ ಮರಳಿದ್ದವು. ಅಮಿಗ್ಡಲಾದವು ಮರಳಿರಲಿಲ್ಲ, ಇಲಿಗಳ ಅಂಜಿಕೆಯೂ ಹಾಗೆಯೇ ಉಳಿದಿತ್ತು.

ಇದರ ಹಿಂದಿರುವ ಜೀನ್‌ಗಳಲ್ಲಿ ಒಂದು ಬಿಡಿಎನ್‌ಎಫ್. ನರಕೋಶದ ಕೊಂಬೆಗಳು ಚಿಗುರಲು, ಸಂಪರ್ಕಗಳು ಉಳಿಯಲು ಬೇಕಾದ ಪ್ರೋಟೀನನ್ನು ಕೊಡುವಂಥದು. ಒತ್ತಡವು ಹಿಪೊಕ್ಯಾಂಪಸ್ಸಿನಲ್ಲಿ ಇದರ ಆರ್‌ಎನ್‌ಎಯನ್ನು ತಗ್ಗಿಸುತ್ತದೆಂಬುದು 1995ರಿಂದಲೇ ಗೊತ್ತಿತ್ತು. 2012ರಲ್ಲಿ ಬೆಂಗಳೂರಿನ ತಂಡ ಎರಡೂ ಜಾಗಗಳನ್ನು ಒಟ್ಟಿಗೆ ಅಳೆದಾಗ, ದೀರ್ಘ ಒತ್ತಡದ ನಂತರ ಈ ಪ್ರೋಟೀನು ಸಿಎ3ರಲ್ಲಿ ಇಳಿದಿತ್ತು, ಅಮಿಗ್ಡಲಾದ ತಳಭಾಗದಲ್ಲಿ ಏರಿತ್ತು. 21 ದಿನಗಳ ಬಿಡುವಿನ ಬಳಿಕ ಸಿಎ3ರದ್ದು ಮೊದಲಿನ ಮಟ್ಟಕ್ಕೆ ಬಂತು, ಅಮಿಗ್ಡಲಾದ್ದು ಏರಿಯೇ ಇತ್ತು. ಕೊಂಬೆಗಳ ಕತೆಯೂ ಪ್ರೋಟೀನಿನ ಕತೆಯೂ ಒಂದಕ್ಕೊಂದು ಹೊಂದಿಕೊಂಡವು. ಇಲಿಯ ಮೂರು ವಾರವನ್ನು ಮನುಷ್ಯನ ನಾಲ್ಕು ತಿಂಗಳಿಗೆ ಹೊಂದಿಸಿ ‘ನಿಮ್ಮ ತಂದೆಯವರ ತಲೆಯೊಳಗೆ ಆದದ್ದು ಇದೇ’ ಎಂದು ನಾನು ಹೇಳುವುದಿಲ್ಲ. ಬದುಕಿರುವ ಮನುಷ್ಯರ ಅಮಿಗ್ಡಲಾದಲ್ಲಿ ಜೀನ್‌ಗಳನ್ನು ಅಳೆಯುವ ಉಪಾಯ ಯಾರಲ್ಲಿಯೂ ಇಲ್ಲ. ಆದರೂ ಎರಡು ಲಕ್ಷಣಗಳು ಒಟ್ಟಿಗೆ ಬಂದು, ಒಂದು ಹೋಗಿ ಇನ್ನೊಂದು ಉಳಿಯುವುದು ವಿಚಿತ್ರವೇನಲ್ಲ, ಅವರು ನಟಿಸುತ್ತಿರುವುದೂ ಅಲ್ಲ ಎಂಬುದನ್ನು ಮನೆಯವರಿಗೆ ಹೇಳಲು ಇಷ್ಟು ಸಾಕು.

ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್ ಈ ವಿಷಯದಲ್ಲಿ ಹಿಪೊಕ್ಯಾಂಪಸ್ಸಿನ ಪಂಗಡಕ್ಕೆ ಸೇರುತ್ತದೆ: ದೀರ್ಘ ಒತ್ತಡದಲ್ಲಿ ಅದರ ಕೊಂಬೆಗಳೂ ಕುಗ್ಗುತ್ತವೆ, ಎಳೆಯ ಪ್ರಾಣಿಗಳಲ್ಲಿ ಬಿಡುವು ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ದೊಡ್ಡ ಪರೀಕ್ಷೆಗೆ ಕುಳಿತ ವೈದ್ಯ ವಿದ್ಯಾರ್ಥಿಗಳನ್ನು ಅಮೆರಿಕದಲ್ಲಿ 2009ರಲ್ಲಿ ಪರಿಶೀಲಿಸಿದಾಗ ಒಂದರಿಂದ ಇನ್ನೊಂದಕ್ಕೆ ಗಮನ ಹೊರಳಿಸುವ ಶಕ್ತಿ ಕುಂದಿತ್ತು, ಪರೀಕ್ಷೆ ಮುಗಿದು ಒಂದು ತಿಂಗಳಲ್ಲಿ ಸರಿಹೋಗಿತ್ತು. ನಿಮ್ಮ ಹತ್ತನೆಯ ತರಗತಿಯ ಮಕ್ಕಳಿಗೆ ಹೇಳಬಹುದಾದ ಮಾತಿದು.

ಅನುಭವವು ಬಾಗಿಲುಗಳನ್ನು ತೆರೆದಿಡುತ್ತದೆ ಎಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳದಿದ್ದರೆ ಉತ್ತರ ಪೂರ್ತಿಯಾಗದು. ಗ್ರಾಹಕವು ತೆರೆಸುವ ಜೀನ್‌ಗಳಲ್ಲಿ ಎಫ್‌ಕೆಬಿಪಿ5 ಎಂಬುದೊಂದಿದೆ. ಇದರ ಪ್ರೋಟೀನು ಹಿಂತಿರುಗಿ ಬಂದು ಅದೇ ಗ್ರಾಹಕದ ಹಿಡಿತವನ್ನು ಸಡಿಲಿಸುತ್ತದೆ. ಕೋಶದೊಳಗಿನ ಪುಟ್ಟ ಹಿಮ್ಮುಖ ನಿಯಂತ್ರಣವೆಂದು ತಿಳಿಯಿರಿ. 2013ರಲ್ಲಿ ಮ್ಯೂನಿಕ್‌ನ ಸಂಶೋಧಕರು, ಈ ಜೀನಿನ ಒಂದು ಮಾದರಿಯನ್ನು ಹೊತ್ತವರು ಬಾಲ್ಯದಲ್ಲಿ ತೀವ್ರ ಹಿಂಸೆಗೆ ಒಳಗಾಗಿದ್ದರೆ ಜೀನಿನ ಒಂದು ಭಾಗದ ಮೀಥೈಲ್ ಗುರುತುಗಳು, ಅಂದರೆ ಜೀನಿಗೆ ಅಂಟಿಕೊಂಡು ಅದನ್ನು ಏಳದಂತೆ ಹಿಡಿದಿಡುವ ಸಣ್ಣ ರಾಸಾಯನಿಕ ಗುರುತುಗಳು, ಕಡಿಮೆಯಾಗಿರುವುದನ್ನು ಕಂಡರು. ಗುರುತು ಹೋದರೆ ಜೀನ್ ಸುಲಭವಾಗಿ ಏಳುತ್ತದೆ, ಗ್ರಾಹಕ ಹೆಚ್ಚು ಮಂದವಾಗುತ್ತದೆ. ಇದಕ್ಕೂ ಮೊದಲು, 2004ರಲ್ಲಿ, ಮಾಂಟ್ರಿಯಲ್‌ನ ಮೈಕೆಲ್ ಮೀನಿ ಮತ್ತು ಮೋಶೆ ಸಿಫ್ ಅವರ ತಂಡ ತಾಯಿ ಇಲಿ ಮರಿಗಳನ್ನು ನೆಕ್ಕಿ ಸವರುವುದಕ್ಕೂ ಮರಿಗಳ ಹಿಪೊಕ್ಯಾಂಪಸ್ಸಿನಲ್ಲಿ ಗ್ರಾಹಕದ ಜೀನಿನ ಮೇಲಿನ ಮೀಥೈಲ್ ಗುರುತುಗಳಿಗೂ ಇರುವ ನಂಟನ್ನು ತೋರಿಸಿತ್ತು. ಮರಿಗಳನ್ನು ಅದಲುಬದಲು ಮಾಡಿದರೆ ಸಾಕಿದ ತಾಯಿಯ ರೀತಿಯೇ ಗೆದ್ದಿತು. ಇಷ್ಟನ್ನು ಹಿಡಿದುಕೊಂಡು ‘ಅಜ್ಜನ ಕಷ್ಟ ಮೊಮ್ಮಗನ ಜೀನಿನಲ್ಲಿ’ ಎಂದು ಬರೆಯುವವರಿದ್ದಾರೆ. ಮನುಷ್ಯರ ಮಟ್ಟಿಗೆ ಅಷ್ಟು ದೂರ ಹೋಗುವುದು ದುಡುಕು ಎಂಬುದು ನನ್ನ ಅಭಿಪ್ರಾಯ. ರಕ್ತದಲ್ಲಿ ಈ ಗುರುತುಗಳನ್ನು ಅಳೆಸಿಕೊಳ್ಳಲು ದುಡ್ಡು ಕೊಡುವುದೂ ಬೇಡ. ಚಿಕಿತ್ಸೆಯ ತೀರ್ಮಾನಕ್ಕೆ ಅದರಿಂದ ಇಂದಿನ ಮಟ್ಟಿಗೆ ಪ್ರಯೋಜನವಿಲ್ಲ.

ಬೆಳಗ್ಗೆ ಎಂಟರ ಕಾರ್ಟಿಸಾಲ್ ಪರೀಕ್ಷೆ ಅಡ್ರಿನಲ್ ಗ್ರಂಥಿ ಸೋತಿದೆಯೇ ಎಂದು ತಿಳಿಯಲು ಉಪಯುಕ್ತ. ಅತಿಯಾಗಿದೆಯೇ ಎಂದು ತಿಳಿಯಲು ನಡುರಾತ್ರಿಯ ಜೊಲ್ಲಿನ ಪರೀಕ್ಷೆ, ಅಥವಾ ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಟ್ಟು ಮರುದಿನ ಬೆಳಗ್ಗೆ ಅಳೆಯುವ ಪರೀಕ್ಷೆ ಬೇಕಾಗುತ್ತದೆ. ಅದೂ ಮುಖ ಊದಿಕೊಂಡು, ಚರ್ಮ ತೆಳುವಾಗಿ, ತೊಡೆಯ ಸ್ನಾಯು ಸೋತು, ಬೇರೆ ಗುರುತುಗಳಿದ್ದರೆ ಮಾತ್ರ. ಇವು ಯಾವುವೂ ಮಿದುಳಿನ ಯಾವ ಮೂಲೆಯಲ್ಲಿ ಯಾವ ಜೀನ್ ಎದ್ದಿದೆ ಎಂಬುದನ್ನು ಹೇಳಲಾರವು. ಆದ್ದರಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತ ಮಂಗಳೂರಿಗೆ ಓಡಾಡುವ ಅಗತ್ಯ ನನಗೆ ಕಾಣುವುದಿಲ್ಲ. ಮರೆವು ಬಂದದ್ದರಿಂದ ಥೈರಾಯ್ಡ್ ಮತ್ತು ಬಿ12 ಒಮ್ಮೆ ನೋಡಿಸಿ. ಎಪ್ಪತ್ತರ ಹತ್ತಿರ ಅದು ವಾಡಿಕೆ.

ಜ್ಯೇಷ್ಠಮಧುವನ್ನು ಕೊಡಬೇಡಿ. ಇದನ್ನು ಇಷ್ಟು ಖಚಿತವಾಗಿ ಹೇಳಲು ಮೇಲಿನ ಕತೆಯೇ ಕಾರಣ. ಹಿಪೊಕ್ಯಾಂಪಸ್ಸಿನ ಮಿನರಲೊಕಾರ್ಟಿಕಾಯ್ಡ್ ಗ್ರಾಹಕವೇ ಮೂತ್ರಪಿಂಡದಲ್ಲಿಯೂ ಇದೆ. ಅಲ್ಲಿ ಅದು ಕಾರ್ಟಿಸಾಲಿಗೆ ಕಿವಿಗೊಡುವಂತಿಲ್ಲ, ಉಪ್ಪಿನ ಹಾರ್ಮೋನಾದ ಅಲ್ಡೊಸ್ಟೆರಾನಿಗೆ ಮಾತ್ರ ಕಿವಿಗೊಡಬೇಕು. ಅದಕ್ಕೆಂದು ಮೂತ್ರಪಿಂಡದ ಕೋಶದಲ್ಲಿ ಒಂದು ಕಿಣ್ವವು ಕಾವಲು ನಿಂತು ಒಳಬಂದ ಕಾರ್ಟಿಸಾಲನ್ನು ನಿಷ್ಕ್ರಿಯವಾದ ಕಾರ್ಟಿಸೋನ್ ಆಗಿ ಬದಲಿಸುತ್ತದೆ. ಹಿಪೊಕ್ಯಾಂಪಸ್ಸಿನಲ್ಲಿ ಆ ಕಾವಲಿಲ್ಲ, ಆದ್ದರಿಂದ ಅಲ್ಲಿ ಅದೇ ಗ್ರಾಹಕ ಕಾರ್ಟಿಸಾಲಿನದಾಗಿದೆ. ಜ್ಯೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಆ ಕಾವಲುಗಾರನನ್ನು ಕೆಡವುತ್ತದೆ. ಕಾರ್ಟಿಸಾಲ್ ಇಳಿಯುವುದಿರಲಿ, ಮೂತ್ರಪಿಂಡದಲ್ಲಿ ಅದರ ಪ್ರಭಾವ ಹೆಚ್ಚಿ, ಉಪ್ಪು ಒಳಗೆ ನಿಂತು, ಪೊಟ್ಯಾಸಿಯಂ ಹೊರಗೆ ಹೋಗಿ ರಕ್ತದೊತ್ತಡ ಏರುತ್ತದೆ. ಗಂಟಲು ಕೆರೆದಾಗ ಒಂದು ಚೂರು ಬೇರು ಬಾಯಲ್ಲಿಟ್ಟುಕೊಳ್ಳುವುದು ಬೇರೆ. ರಕ್ತದೊತ್ತಡವಿರುವ ಹಿರಿಯರಿಗೆ ದಿನಾ ಕಷಾಯ ಮಾಡಿ ಕುಡಿಸುವುದು ಬೇರೆ. ನೆಂಟರಿಗೆ ಬೇಸರವಾಗದ ಹಾಗೆ ಹೇಳುವುದು ನಿಮಗೆ ಬಿಟ್ಟದ್ದು.

ಮಾಡಬೇಕಾದದ್ದು ಬೆಚ್ಚುವುದಕ್ಕೂ ನಿದ್ದೆಗೂ ಚಿಕಿತ್ಸೆ. ಖಿನ್ನತೆ ಜೊತೆಗಿದೆಯೇ ಎಂದು ಮನೋವೈದ್ಯರು ಒಮ್ಮೆ ನೋಡಲೇಬೇಕು; ಕಾಸರಗೋಡಿನಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ಕುಗಳಿವೆ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿ ಮಾತಾಡಲು ಕೇಳಬಹುದು. ಅಂಜಿಕೆಯ ಸದ್ದನ್ನು ಸುರಕ್ಷಿತವಾಗಿ, ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಚಿಕಿತ್ಸೆ ಇಂಥವರಿಗೆ ಪ್ರಯೋಜನಕಾರಿ. ಅದು ಅಮಿಗ್ಡಲಾದ ಹಳೆಯ ಬರಹವನ್ನು ಅಳಿಸುವುದಿಲ್ಲ. ‘ಈ ಸದ್ದಿನಿಂದ ಏನೂ ಆಗಲಿಲ್ಲ’ ಎಂಬ ಹೊಸ ನೆನಪನ್ನು ಪ್ರೀಫ್ರಂಟಲ್ ಕಾರ್ಟೆಕ್ಸಿನ ಆಸರೆಯಲ್ಲಿ ಕಟ್ಟುತ್ತದೆ, ಆ ನೆನಪು ನಿಲ್ಲಲು ಕೂಡ ಹೊಸದಾಗಿ ಜೀನ್‌ಗಳು ತೆರೆಯಬೇಕು. ವಿಶೇಷವೆಂದರೆ ಅಲ್ಲಿ ಕಾರ್ಟಿಸಾಲ್ ಸಹಾಯಕ್ಕೆ ಬರುತ್ತದೆ. ಎತ್ತರದ ಭಯವಿದ್ದವರಿಗೆ ಚಿಕಿತ್ಸೆಗೆ ಒಂದು ಗಂಟೆ ಮೊದಲು 20 ಮಿಲಿಗ್ರಾಂ ಕಾರ್ಟಿಸಾಲ್ ಮಾತ್ರೆ ಕೊಟ್ಟು ನೋಡಿದ ಸ್ವಿಟ್ಜರ್‌ಲೆಂಡಿನ ಪ್ರಯೋಗವೊಂದರಲ್ಲಿ, 2011ರಲ್ಲಿ, ಔಷಧವಿಲ್ಲದ ಹುಸಿ ಮಾತ್ರೆ ನುಂಗಿ ಅದೇ ಚಿಕಿತ್ಸೆ ಪಡೆದವರಿಗಿಂತ ಅವರ ಭಯ ಹೆಚ್ಚು ಇಳಿಯಿತು. ಜೇಡಕ್ಕೆ ಹೆದರುವವರ ಮೇಲೆ ನಡೆದ ಇನ್ನೊಂದರಲ್ಲಿ ಸಂಜೆಗಿಂತ ಬೆಳಗ್ಗೆ, ಅಂದರೆ ಕಾರ್ಟಿಸಾಲ್ ಸಹಜವಾಗಿ ಏರಿರುವ ಹೊತ್ತಿನಲ್ಲಿ, ಮಾಡಿದ ಚಿಕಿತ್ಸೆಯ ಫಲ ಮೇಲಾಗಿತ್ತು. ನೀವು ಮಾತ್ರೆ ಕೊಡಬೇಕಾಗಿಲ್ಲ, ಕೊಡಲೂ ಕೂಡದು. ಮನೋವೈದ್ಯರು ಒಪ್ಪಿದರೆ ರಜೆಯ ದಿನಗಳಲ್ಲಿ ಬೆಳಗ್ಗೆ ಕಾಫಿ ಕುಡಿದಾದ ಮೇಲೆ, ಎಂಟು ಗಂಟೆಯ ಒಳಗೆ, ತಂದೆಯವರ ಜೊತೆ ಅಡಿಕೆ ತೋಟದ ಬದುವಿನ ಮೇಲೆ ಕುಳಿತುಕೊಳ್ಳಿ, ಮತ್ತು ಸೋಗೆ ಬೀಳುವವರೆಗೆ ಎದ್ದು ಬರಬೇಡಿ.